ಬೀರುವಿನಲ್ಲಿಟ್ಟ ಆಟ

"ಅಜ್ಜಾ, ಲಾಟರಿ ಹೊಡೀತು!"

ಒಸಾಕಾದಿಂದ ವಿಡಿಯೊ ಕರೆ ಮಾಡಿ ಮೊಮ್ಮಗಳು ಹೀಗೆ ಕೂಗಿದಾಗ ನಾನು ಶಿವಮೊಗ್ಗದ ಮನೆಯ ಜಗಲಿಯಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದೆ. 38 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಊರವರ ದುಡ್ಡು ಎಣಿಸಿದವನು ನಾನು. ಒಂದು ದಿನವೂ ಲಾಟರಿ ಟಿಕೆಟ್ ಕೊಂಡವನಲ್ಲ. ಆದರೆ ಈ ಲಾಟರಿ ದುಡ್ಡಿನದಲ್ಲ. ಜಪಾನಿನ ನಿಂಟೆಂಡೊ ವಸ್ತುಸಂಗ್ರಹಾಲಯಕ್ಕೆ ಹೋಗಬೇಕೆಂದರೆ ತಿಂಗಳುಗಟ್ಟಲೆ ಮುಂಚೆ ಹೆಸರು ಕೊಟ್ಟು ಕಾಯಬೇಕು. ಚೀಟಿ ಎತ್ತಿದಾಗ ಹೆಸರು ಬಂದವರಿಗೆ ಟಿಕೆಟ್. ದೊಡ್ಡವರಿಗೆ 3,300 ಯೆನ್, ಅಂದರೆ ನಮ್ಮ ಸುಮಾರು ಎರಡು ಸಾವಿರ ರೂಪಾಯಿ.

ಎಪ್ಪತ್ತನಾಲ್ಕರ ಮುದುಕನಿಗೆ ವಿಡಿಯೊ ಗೇಮಿನ ಹುಚ್ಚು ಹೇಗೆ ಹತ್ತಿತು ಎಂದು ನೀವು ಕೇಳಬಹುದು. ಕೊರೊನಾ ಕಾಲದಲ್ಲಿ ಹತ್ತಿದ್ದು ಅದು. ಮಗ-ಸೊಸೆ ಬರುವಂತಿರಲಿಲ್ಲ, ನಾವು ಹೋಗುವಂತಿರಲಿಲ್ಲ. 2021ರಲ್ಲಿ ಮಗ ಸ್ನೇಹಿತರೊಬ್ಬರ ಕೈಯಲ್ಲಿ 'ಸ್ವಿಚ್' ಎಂಬ ಆಟದ ಯಂತ್ರ ಕಳುಹಿಸಿಕೊಟ್ಟ. 'ಆ್ಯನಿಮಲ್ ಕ್ರಾಸಿಂಗ್' ಎಂಬ ಆಟದಲ್ಲಿ ಒಬ್ಬೊಬ್ಬರಿಗೂ ಒಂದೊಂದು ದ್ವೀಪ. ಏಳು ವರ್ಷದ ಮೊಮ್ಮಗಳು ತನ್ನ ದ್ವೀಪದಿಂದ ವಿಮಾನ ಹತ್ತಿ ನನ್ನ ದ್ವೀಪಕ್ಕೆ ಬರುತ್ತಿದ್ದಳು. ಇಬ್ಬರೂ ಸೇರಿ ಗಿಡ ನೆಡುತ್ತಿದ್ದೆವು, ಮೀನು ಹಿಡಿಯುತ್ತಿದ್ದೆವು. ಮೊದಮೊದಲು ನನ್ನ ಬೆರಳು ಯಾವ ಗುಂಡಿ ಒತ್ತುತ್ತಿದೆ ಎಂದು ನನಗೇ ತಿಳಿಯುತ್ತಿರಲಿಲ್ಲ. "ಅಜ್ಜಾ, ಅದು ಅಲ್ಲ, ಇನ್ನೊಂದು!" ಎಂದು ಅವಳು ಹಣೆ ಚಚ್ಚಿಕೊಳ್ಳುತ್ತಿದ್ದಳು.

ಈಗ ಕ್ರಿಕೆಟ್ ಸ್ಕೋರು ನೋಡುವ ಹಾಗೆ ದಿನಾ ಆಟಗಳ ಸುದ್ದಿ ನೋಡುತ್ತೇನೆ. 2025ರ ಜೂನ್ 5ರಂದು 'ಸ್ವಿಚ್ 2' ಬಿಡುಗಡೆಯಾದಾಗ ನಾಲ್ಕೇ ದಿನಗಳಲ್ಲಿ 35 ಲಕ್ಷ ಯಂತ್ರಗಳು ಮಾರಾಟವಾದವು. ವಾಕಿಂಗ್ ಗೆಳೆಯರಿಗೆ ಇದನ್ನು ಹೇಳಿದರೆ ಅವರು ಪಿಂಚಣಿಯ ಮಾತು ತೆಗೆದರು!

ಅಕ್ಟೋಬರ್‌ನಲ್ಲಿ ನಾವಿಬ್ಬರೂ ಒಸಾಕಾಕ್ಕೆ ಹೋದೆವು. ಆ ಶನಿವಾರ ಬೆಳಿಗ್ಗೆ ಮಂಡಿನೋವಿನ ನಮ್ಮ ಮನೆಯಾಕೆ, "ನೀವು ಮೂವರೂ ಹೋಗಿಬನ್ನಿ" ಎಂದು ಚಿತ್ರಾನ್ನ ಕಟ್ಟಿಕೊಟ್ಟಳು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಇವತ್ತಾದರೂ ಅವನಿಗೆ ಹೇಳಿ" ಎಂದಳು. ಏನು ಹೇಳಬೇಕು ಎಂಬುದು ನಮ್ಮಿಬ್ಬರಿಗೇ ಗೊತ್ತಿತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕ್ಯೋಟೋ ಪಟ್ಟಣದಲ್ಲಿ ಇಳಿದೆವು. ಕಾಮೊ ಹೊಳೆಗೆ ಹತ್ತಿರದ ಒಂದು ಕಿರಿದಾದ ಓಣಿಯಲ್ಲಿ ನಿಂಟೆಂಡೊದ ಹಳೆಯ ಕಚೇರಿಯಿದೆ. 1930ರಲ್ಲಿ ಕಟ್ಟಿದ ಆ ಕಟ್ಟಡ 2022ರಿಂದ ಹೋಟೆಲ್ ಆಗಿದೆ. ಬಾಗಿಲ ಬಳಿ ಹಳೆಯ ಫಲಕವನ್ನು ಹಾಗೆಯೇ ಉಳಿಸಿದ್ದಾರೆ. ಅದರಲ್ಲಿರುವುದು ವಿಡಿಯೊ ಗೇಮಿನ ಹೆಸರಲ್ಲ, ಇಸ್ಪೀಟೆಲೆ ಕಂಪನಿ ಎಂದು!

ಹೌದು ಮಕ್ಕಳೇ, ಮಾರಿಯೋನ ಮನೆತನದ ಮೂಲ ಇಸ್ಪೀಟೆಲೆ. 1889ರಲ್ಲಿ ಫುಸಾಜಿರೊ ಯಮೌಚಿ ಎಂಬುವರು ಇದೇ ಊರಿನಲ್ಲಿ 'ಹನಾಫುದಾ' ಎಂಬ ಎಲೆಗಳನ್ನು ಕೈಯಲ್ಲಿ ಮಾಡಿ ಮಾರಲು ತೊಡಗಿದರು. ಹನಾ ಎಂದರೆ ಹೂವು. ಹನ್ನೆರಡು ತಿಂಗಳಿಗೆ ಹನ್ನೆರಡು ಗಿಡಗಳು, ಒಂದೊಂದಕ್ಕೆ ನಾಲ್ಕು ಎಲೆ, ಒಟ್ಟು 48. ಜನವರಿಗೆ ದೇವದಾರಿನಂಥ ಪೈನ್ ಮರ ಮತ್ತು ಕೊಕ್ಕರೆ, ಮಾರ್ಚ್‌ಗೆ ಚೆರ್ರಿ ಹೂವು, ಆಗಸ್ಟ್‌ಗೆ ಹುಲ್ಲುಗುಡ್ಡದ ಮೇಲೆ ಹುಣ್ಣಿಮೆ ಚಂದ್ರ. ಎಲೆಯಲ್ಲಿ ಅಂಕಿಯೇ ಇಲ್ಲ, ಚಿತ್ರ ನೋಡಿಯೇ ಆಡಬೇಕು. ಜಪಾನಿಗೆ ಇಸ್ಪೀಟಾಟ ತಂದವರು 16ನೇ ಶತಮಾನದ ಪೋರ್ಚುಗೀಸರು. ಹಾಗಾಗಿ ಅಲ್ಲಿ ಎಲೆಗೆ ಈಗಲೂ 'ಕರುತಾ' ಎನ್ನುತ್ತಾರೆ, ಪೋರ್ಚುಗೀಸರ 'ಕಾರ್ತಾ' ಶಬ್ದದಿಂದ. ನನಗೆ ನಮ್ಮ ಮೈಸೂರಿನ ಗಂಜೀಫಾ ನೆನಪಾಯಿತು. ದಶಾವತಾರ ಬರೆದ ಆ ದುಂಡನೆಯ ಎಲೆಗಳು ಈಗ ಗೋಡೆಗೆ ತೂಗುಹಾಕುವ ಚಿತ್ರಗಳಾಗಿವೆ. ಹನಾಫುದಾ ಎಲೆಗಳನ್ನು ನಿಂಟೆಂಡೊ ಇಂದಿಗೂ ಅಚ್ಚು ಹಾಕುತ್ತಿದೆ.

ಹೊಳೆಯ ದಂಡೆಯಲ್ಲಿ ಕುಳಿತು ಚಿತ್ರಾನ್ನ ತಿಂದು ಕ್ಯೋಟೋ ನಿಲ್ದಾಣಕ್ಕೆ ಬಂದು ಕಿಂಟೆತ್ಸು ರೈಲು ಹತ್ತಿದೆವು. ಉಜಿ ಹೊಳೆ ದಾಟಿದ ಮೇಲೆ ಒಗುರಾ ಎಂಬ ಪುಟ್ಟ ನಿಲ್ದಾಣ. ಉಜಿ ಚಹಾಕ್ಕೆ ಹೆಸರಾದ ಊರು. ಒಗುರಾದಲ್ಲಿ ಇಳಿದು ಐದು ನಿಮಿಷ ನಡೆದರೆ ವಸ್ತುಸಂಗ್ರಹಾಲಯ. ಸುತ್ತ ಸಾಮಾನ್ಯ ಮನೆಗಳು, ಸೈಕಲ್ಲುಗಳು, ಒಣಗಲು ಹಾಕಿದ ಬಟ್ಟೆಗಳು. ಇಲ್ಲಿ 1969ರಲ್ಲಿ ಕಟ್ಟಿದ ಕಾರ್ಖಾನೆಯಿತ್ತು. ಎಲೆಗಳನ್ನು ತಯಾರಿಸುತ್ತಿದ್ದರು, ಆಮೇಲೆ ಕೆಟ್ಟ ಆಟದ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದರು. ಅದನ್ನೇ ನವೀಕರಿಸಿ 2024ರ ಅಕ್ಟೋಬರ್ 2ರಂದು ಜನರಿಗೆ ತೆರೆದಿದ್ದಾರೆ.

ಮೇಲಿನ ಅಂತಸ್ತಿನಲ್ಲಿ ಗಾಜಿನ ಕಪಾಟುಗಳು. ಅಲ್ಲಿ ಫೋಟೊ ತೆಗೆಯುವಂತಿಲ್ಲ. ವಿವರಣೆ ಬರೆದ ಫಲಕಗಳೂ ಬಹಳ ಕಡಿಮೆ. ಹಾಗಾಗಿ ಪ್ರತಿ ಕಪಾಟಿನ ಮುಂದೆಯೂ ಯಾರಾದರೊಬ್ಬ ಅಪ್ಪನೋ ಅಜ್ಜನೋ, "ಇದು ನಮ್ಮ ಮನೇಲಿತ್ತು ಗೊತ್ತಾ" ಎಂಬ ಧಾಟಿಯಲ್ಲಿ ಮಕ್ಕಳಿಗೆ ಕಥೆ ಹೇಳುತ್ತಿದ್ದರು. ಜಪಾನೀ ಭಾಷೆ ಬಾರದಿದ್ದರೂ ಆ ಧಾಟಿ ನನಗೆ ಅರ್ಥವಾಯಿತು.

ನಾನೂ ಮೊಮ್ಮಗಳಿಗೆ ಒಂದು ಕಥೆ ಹೇಳಿದೆ. ಗುಂಪೇ ಯೊಕೊಯಿ ಎಂಬ ತರುಣ 1965ರಲ್ಲಿ ಈ ಕಂಪನಿಗೆ ಸೇರಿದ. ಎಲೆ ತಯಾರಿಸುವ ಯಂತ್ರಗಳ ದೇಖರೇಖಿ ಅವನ ಕೆಲಸ. ಬಿಡುವಿನಲ್ಲಿ ಸುಮ್ಮನೆ ಒಂದು ಉದ್ದನೆಯ ಕೈ ಮಾಡಿಕೊಂಡ. ಹಿಡಿ ಒತ್ತಿದರೆ ಬ್ಯಾಂಕಿನ ಬಾಗಿಲಿನ ಕೊಲ್ಯಾಪ್ಸಿಬಲ್ ಗೇಟಿನ ಹಾಗೆ ಅದು ಚಾಚಿಕೊಳ್ಳುತ್ತದೆ, ದೂರದ ವಸ್ತುವನ್ನು ಹಿಡಿಯುತ್ತದೆ. ಯಜಮಾನರಾದ ಹಿರೋಶಿ ಯಮೌಚಿಯವರ ಕಣ್ಣಿಗೆ ಅದು ಬಿತ್ತು. ಇವರು ಸ್ಥಾಪಕರ ಮರಿಮಗ, 22ನೇ ವಯಸ್ಸಿಗೇ ಕಂಪನಿಯ ಹೊಣೆ ಹೊತ್ತವರು. ಕೆಲಸದ ಹೊತ್ತಿನಲ್ಲಿ ಆಟ ಕಟ್ಟಿದವನನ್ನು ಬೈಯಲಿಲ್ಲ, ಇದನ್ನು ಆಟಿಕೆ ಮಾಡಿ ಮಾರೋಣ ಎಂದರು. 1966ರಲ್ಲಿ 'ಅಲ್ಟ್ರಾ ಹ್ಯಾಂಡ್' ಎಂಬ ಹೆಸರಿನಲ್ಲಿ ಬಂದ ಅದು ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು.

ಮುಂದೊಂದು ದಿನ ಯೊಕೊಯಿ ಬುಲೆಟ್ ರೈಲಿನಲ್ಲಿ ಹೋಗುತ್ತಿದ್ದಾಗ, ಬೇಸರ ಕಳೆಯಲು ಕ್ಯಾಲ್ಕುಲೇಟರಿನ ಗುಂಡಿ ಒತ್ತುತ್ತ ಕುಳಿತಿದ್ದ ನೌಕರನೊಬ್ಬನನ್ನು ಕಂಡರು. ಆಗ ಕ್ಯಾಲ್ಕುಲೇಟರಿನ ಭಾಗಗಳು ಅಗ್ಗವಾಗಿದ್ದವು. ಅವನ್ನೇ ಬಳಸಿ 1980ರಲ್ಲಿ ಅಂಗೈಯಲ್ಲಿ ಹಿಡಿಯುವ 'ಗೇಮ್ ಅಂಡ್ ವಾಚ್' ಮಾಡಿದರು. ಹೊಸದು, ದುಬಾರಿಯದು ಬೇಕಿಲ್ಲ, ಹಳೆಯ ಅಗ್ಗದ ವಸ್ತುವನ್ನೇ ಹೊಸ ರೀತಿಯಲ್ಲಿ ಬಳಸಬೇಕು ಎಂಬುದು ಅವರ ಸೂತ್ರ. ನಾನೂ ಆ ಕಾಲದಲ್ಲಿ ದಿನಕ್ಕೆ ಎಂಟು ಗಂಟೆ ಕ್ಯಾಲ್ಕುಲೇಟರ್ ಒತ್ತಿದವನೇ. ನನಗೆ ಅದರಲ್ಲಿ ಬಡ್ಡಿ ಬಿಟ್ಟು ಬೇರೇನೂ ಕಾಣಲಿಲ್ಲ!

ಮುಂದಿನ ಕಪಾಟಿಗೆ ಬಂದಾಗ ಮಗ ನಿಂತುಬಿಟ್ಟ. ಕೆಂಪು ಬಿಳುಪಿನ ಪೆಟ್ಟಿಗೆ, ಅಕ್ಕಪಕ್ಕದಲ್ಲಿ ಎರಡು ಕಂಟ್ರೋಲರ್. 1983ರ ಜುಲೈನಲ್ಲಿ ಬಂದ 'ಫಾಮಿಕಾಮ್'. ಎರಡು ವರ್ಷದ ಮೇಲೆ, ಶಿಗೆರು ಮಿಯಾಮೊಟೊ ಅವರ ಕೈಯಲ್ಲಿ ರೂಪುಗೊಂಡ 'ಸೂಪರ್ ಮಾರಿಯೋ ಬ್ರದರ್ಸ್' ಓಡಿದ್ದು ಇದರ ಮೇಲೆಯೇ.

ನಮ್ಮ ಮನೆಯಲ್ಲಿದ್ದುದು ಇದರ ನಕಲು. ಆಗ ನಮ್ಮೂರಲ್ಲಿ 'ಟಿವಿ ಗೇಮ್' ಎಂದು ಸಿಗುತ್ತಿತ್ತಲ್ಲ, ಅದು. ಮಗನಿಗೆ ಸೋದರಮಾವ ಬೆಂಗಳೂರಿನಿಂದ ತಂದುಕೊಟ್ಟಿದ್ದ. ಹಳದಿ ಬಣ್ಣದ ಕ್ಯಾಸೆಟ್ಟಿಗೆ ಊದಿ ಊದಿ ಸಿಕ್ಕಿಸಿ ಮಾರಿಯೋ ಆಡುತ್ತಿದ್ದ. 1996ರ ಜನವರಿಯಲ್ಲಿ, ಅವನ ಎಸ್ಸೆಸ್ಸೆಲ್ಸಿ ಹತ್ತಿರ ಬಂತೆಂದು ನಾನು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. "ರಿಸಲ್ಟ್ ಬಂದ ದಿನ ವಾಪಸ್ ಕೊಡ್ತೀನಿ" ಎಂದು ಮಾತು ಕೊಟ್ಟೆ. ಅವನು ಹಟ ಮಾಡಲಿಲ್ಲ, ಓದಲು ಕುಳಿತ. ಒಂದು ತಿಂಗಳಲ್ಲಿ ಸಹೋದ್ಯೋಗಿಯೊಬ್ಬರು ತಮ್ಮ ಮಗನಿಗೆ ಅಂಥದ್ದು ಬೇಕಿತ್ತು ಎಂದರು. ಪೀಡೆ ತೊಲಗಲಿ ಎಂದು ಕೊಟ್ಟುಬಿಟ್ಟೆ.

ಮಗ ಒಳ್ಳೆಯ ಅಂಕ ತೆಗೆದ. ಸಿಹಿ ಹಂಚಿ ಮುಗಿದ ಮೇಲೆ ಮೆಲ್ಲನೆ ಬಂದು, "ಅಪ್ಪಾ, ಗೇಮು?" ಎಂದ. "ಕೆಟ್ಟುಹೋಗಿತ್ತು ಕಣೋ, ಬಿಸಾಡಿದೆ" ಎಂದೆ. ಅವನು ಮತ್ತೆ ಕೇಳಲಿಲ್ಲ. ಆಮೇಲೆ ಅವನು ನನ್ನಲ್ಲಿ ತನಗಾಗಿ ಏನನ್ನೂ ಕೇಳಿದ ನೆನಪೇ ನನಗಿಲ್ಲ. ಇಂಜಿನಿಯರಿಂಗ್ ಓದಿದ, ಕೆಲಸ ಹಿಡಿದ, ಜಪಾನಿಗೆ ಹೋದ. ನನ್ನ ಮೇಲೆ ಗೌರವಕ್ಕೇನೂ ಕಡಿಮೆಯಿರಲಿಲ್ಲ. ಆದರೆ ಫೋನ್ ಮಾಡಿದರೆ ಹವಾಮಾನ, ಆರೋಗ್ಯ, ಅಷ್ಟೇ ಮಾತು.

ಗಾಜಿನ ಮುಂದೆ ನಿಂತಿದ್ದ ಅವನ ಭುಜ ಮುಟ್ಟಿದೆ. "ನಿನ್ನ ಗೇಮು ಕೆಟ್ಟಿರಲಿಲ್ಲ ಕಣೋ. ನಾನೇ ಬೇರೆಯವರಿಗೆ ಕೊಟ್ಟಿದ್ದೆ. ನಿನಗೆ ಸುಳ್ಳು ಹೇಳಿದೆ" ಎಂದೆ.

ಅವನು ತಿರುಗಿ ನೋಡದೆ ಹೇಳಿದ: "ಗೊತ್ತಿತ್ತು ಅಪ್ಪಾ. ಪರೀಕ್ಷೆಗೆ ಮೊದಲೇ, ಅಮ್ಮ ಬೀರು ತೆಗೆದಾಗ ನೋಡಿದ್ದೆ. ಅಲ್ಲಿ ಇರಲಿಲ್ಲ."

"ಮತ್ತೆ ರಿಸಲ್ಟಿನ ದಿನ ಯಾಕೆ ಕೇಳಿದೆ?"

"ನೀವು ಏನು ಹೇಳ್ತೀರೋ ನೋಡೋಣ ಅಂತ."

ನನಗೆ ಮಾತು ಹೊರಡಲಿಲ್ಲ. ಆಗ ನನಗೆ 45 ವರ್ಷ, ಈಗ ಅವನಿಗೆ 45. ಅಷ್ಟು ದೊಡ್ಡವನಾಗಿ ನಾನು ಹದಿನಾರರ ಹುಡುಗನ ಪರೀಕ್ಷೆಯಲ್ಲಿ ಫೇಲಾಗಿದ್ದೆ. "ತಪ್ಪಾಯ್ತು ಮಗಾ" ಎಂದೆ. ಅವನು ಕನ್ನಡಕ ತೆಗೆದು ಒರೆಸಿಕೊಂಡು, "ಬನ್ನಿ, ಕೆಳಗೆ ಹೋಗೋಣ. ಅವಳು ಕಾಯ್ತಿದ್ದಾಳೆ" ಎಂದ.

ಕೆಳಗಿನ ಅಂತಸ್ತು ಪೂರ್ತಿ ಆಟದ ಅಂಗಳ. ಪ್ರತಿಯೊಬ್ಬರ ಪ್ರವೇಶ ಕಾರ್ಡಿನಲ್ಲಿ ಹತ್ತು ನಾಣ್ಯ ತುಂಬಿರುತ್ತಾರೆ. ಒಂದೊಂದು ಆಟಕ್ಕೆ ಇಷ್ಟಿಷ್ಟು ನಾಣ್ಯ. ಎಲ್ಲ ಆಟಕ್ಕೂ ಸಾಲುವುದಿಲ್ಲ, ಯೋಚಿಸಿ ಖರ್ಚು ಮಾಡಬೇಕು. ಬ್ಯಾಂಕಿನವನಿಗೆ ಈ ವ್ಯವಸ್ಥೆ ಬಹಳ ಹಿಡಿಸಿತು! ಮೊಮ್ಮಗಳು ಅಲ್ಟ್ರಾ ಹ್ಯಾಂಡಿನಿಂದ ಚೆಂಡು ಹಿಡಿದಳು. ಇನ್ನೊಂದು ಕಡೆ ನಮ್ಮ ನೆರಳೇ ಪರದೆಯ ಮೇಲೆ ಬಿದ್ದು ಆಟದ ಪಾತ್ರವಾಗುತ್ತದೆ.

ಎಲ್ಲಕ್ಕಿಂತ ಮಜವೆಂದರೆ ದೈತ್ಯ ಕಂಟ್ರೋಲರ್. ನಮ್ಮ ಊಟದ ಮೇಜಿಗಿಂತ ದೊಡ್ಡದು. ಒಬ್ಬರಿಂದ ಆಗುವುದಿಲ್ಲ, ಇಬ್ಬರು ಬೇಕು. ಒಬ್ಬರು ದಿಕ್ಕಿನ ಗುಂಡಿ ಒತ್ತಬೇಕು, ಇನ್ನೊಬ್ಬರು ಹಾರುವ ಗುಂಡಿ ಒತ್ತಬೇಕು. ಮೊಮ್ಮಗಳ ಸರದಿ ಎಂದುಕೊಂಡು ನಾನು ಹಿಂದೆ ಸರಿದೆ. ಅವಳು, "ಅಜ್ಜಾ, ನೀನು ಮತ್ತೆ ಅಪ್ಪ ಆಡಿ" ಎಂದು ತಳ್ಳಿದಳು. ನಮ್ಮ ಮಾತು ಅವಳಿಗೆ ಕೇಳಿಸಿತ್ತೋ ಏನೋ, ನಾನು ವಿಚಾರಿಸಲಿಲ್ಲ.

ಪರದೆಯ ಮೇಲೆ ಅದೇ ಹಳೆಯ ಮಾರಿಯೋ, ಅದೇ ಸಂಗೀತ. ನಾನು ಬಲಕ್ಕೆ ಒತ್ತಿದೆ, ಮಗ ಹಾರಿಸಬೇಕಿತ್ತು. ತಡವಾಯಿತು. ಮೊದಲ ಅಣಬೆರಾಕ್ಷಸನಿಗೇ ಬಲಿಯಾದೆವು! "ಅಪ್ಪಾ, ನಿಲ್ಲಿ, ನಾನು ಹೇಳಿದ ಮೇಲೆ ಒತ್ತಿ!" ಎಂದು ಮಗ ಕಿರುಚಿದ. ಮೂವತ್ತು ವರ್ಷದಲ್ಲಿ ಅವನು ನನಗೆ ಜೋರು ಮಾಡಿದ್ದು ಅದೇ ಮೊದಲು. ಎರಡನೇ ಸಲ ನಾಲ್ಕು ಕೊಳವೆ ದಾಟಿ ಹಳ್ಳಕ್ಕೆ ಬಿದ್ದೆವು. ಸಮಯ ಮುಗಿದಾಗ ಇಬ್ಬರಿಗೂ ಏದುಸಿರು, ಹೊಟ್ಟೆ ಹುಣ್ಣಾಗುವಷ್ಟು ನಗು.

ರಾತ್ರಿ ಮನೆಗೆ ಬಂದಾಗ ನಮ್ಮಾಕೆ ಮಗನ ಮುಖ ನೋಡಿ, ನನ್ನ ಮುಖ ನೋಡಿ, ಏನೂ ಕೇಳದೆ ಬಿಸಿ ಸಾರು ಬಡಿಸಿದಳು.

ಈಗ ಶಿವಮೊಗ್ಗದಲ್ಲಿದ್ದೇವೆ. ಭಾನುವಾರ ಸಂಜೆ ನಾನು, ಮಗ, ಮೊಮ್ಮಗಳು ಮೂವರೂ ಒಂದೇ ಪಂದ್ಯದಲ್ಲಿ ಮಾರಿಯೋ ಕಾರು ಓಡಿಸುತ್ತೇವೆ. ಒಂದು ಗಂಟೆ ಎಂದರೆ ಒಂದೇ ಗಂಟೆ, ಅಲಾರಂ ಇಟ್ಟಿದ್ದೇವೆ. ನಾನು ಸಾಮಾನ್ಯವಾಗಿ ಕೊನೆಗೆ ಬರುತ್ತೇನೆ.

ಮಕ್ಕಳೇ, ಪರೀಕ್ಷೆ ಹತ್ತಿರ ಬಂದಾಗ ಆಟ ಎತ್ತಿಡಿ ಎಂದರೆ ಎತ್ತಿಡಿ. ಅದು ತಪ್ಪಲ್ಲ. ಅಜ್ಜ ಅಜ್ಜಿಯರೇ, ಅಪ್ಪ ಅಮ್ಮಂದಿರೇ, ಮಕ್ಕಳ ವಸ್ತುವನ್ನು ಬೀರುವಿನಲ್ಲಿಟ್ಟರೆ ಅದು ಅವರ ಠೇವಣಿ ಎಂದು ತಿಳಿಯಿರಿ. ಅವಧಿ ಮುಗಿದ ದಿನ ಅವರು ಕೇಳುವ ಮೊದಲೇ ಕೈಗೆ ಕೊಡಿ. ಆಮೇಲೆ ಪಕ್ಕದಲ್ಲಿ ಕುಳಿತು, ನನಗೂ ಒಂದು ಕಂಟ್ರೋಲರ್ ಕೊಡು ಎಂದು ಕೇಳಿ.