ಉಪ್ಪನ ಕರಕ್ ಚಾ

ಕಳೆದ ದಸರಾ ರಜೆಯಲ್ಲಿ ನಾವು ನಾಲ್ವರು ಗೆಳತಿಯರು ಮಂಗಳೂರಿನ ಒಂದು ಮಾಲ್‌ಗೆ ಹೋಗಿದ್ದೆವು. ಅಲ್ಲಿನ ಕೆಫೆಯ ಬೋರ್ಡಿನಲ್ಲಿ 'ಟೀ ಲಾಟೆ' ಅಂತ ಇತ್ತು. ಬೆಲೆ 180 ರೂಪಾಯಿ. ನಾಲ್ಕು ಜನ ಸೇರಿ ಎರಡು ತರಿಸಿ ಹಂಚಿಕೊಂಡೆವು. ಮೇಲೆ ದಪ್ಪ ನೊರೆ, ಕೆಳಗೆ ಕೆನೆಯಂಥ ಚಾ. ಲಾಟೆ ಎಂದರೆ ಇಟಾಲಿಯನ್ ಭಾಷೆಯಲ್ಲಿ ಹಾಲು ಎಂದಷ್ಟೇ ಅರ್ಥ ಎಂದು ಗೆಳತಿ ಮೊಬೈಲ್ ನೋಡಿ ಹೇಳಿದಾಗ, ಹಾಲು ಹಾಕಿದ ಚಾಕ್ಕೆ ಇಷ್ಟು ದುಡ್ಡಾ ಎಂದು ಎಲ್ಲರೂ ನಕ್ಕೆವು. ಆದರೂ ಆ ರುಚಿ ನನ್ನ ನಾಲಿಗೆ ಬಿಡಲಿಲ್ಲ. ಮನೆಯಲ್ಲಿ ಮಾಡಿಯೇ ನೋಡಬೇಕು ಅನ್ನಿಸಿತು.

ಮರುದಿನ ಅಸ್ರ್ ನಮಾಝಿನ ನಂತರ ಉಮ್ಮ ಪಕ್ಕದ ಮನೆಗೆ ಹೋಗಿದ್ದರು. ನಾನು ಒಂದು ಪ್ಯಾಕೆಟ್ ಹಾಲು ಬಿಸಿಗಿಟ್ಟು, ಘಮ ಬರಲಿ ಎಂದು ಹಸಿಶುಂಠಿ ತುರಿದು ಅದಕ್ಕೇ ಹಾಕಿದೆ. ಐದು ನಿಮಿಷದಲ್ಲಿ ಹಾಲು ಒಡೆದು ಮೊಸರಿನ ಗಡ್ಡೆಗಳಂತಾಯಿತು. ಅರ್ಧ ಲೀಟರ್ ಹಾಲು! ಉಮ್ಮ ಬರುವ ಮೊದಲು ಚೆಲ್ಲಿಬಿಡೋಣವೆಂದು ತಿರುಗಿದರೆ ಬಾಗಿಲಲ್ಲಿ ಉಪ್ಪ ನಿಂತಿದ್ದರು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಉಪ್ಪ 19 ವರ್ಷ ಶಾರ್ಜಾದಲ್ಲಿದ್ದರು. ನನಗೆ ಅವರು ಎರಡು ವರ್ಷಕ್ಕೊಮ್ಮೆ ಬಜ್ಪೆಯಲ್ಲಿ ಇಳಿದು ನಿಡೋ ಡಬ್ಬ, ಟ್ಯಾಂಗ್, ಟೈಗರ್ ಬಾಮ್ ಹಂಚಿ ಎರಡು ತಿಂಗಳಲ್ಲಿ ಹೊರಟುಹೋಗುವ ನೆಂಟರ ಹಾಗಿದ್ದರು. ಕಳೆದ ವರ್ಷ ಮೊಣಕಾಲು ನೋವು ಜೋರಾಗಿ, ಕೆಲಸ ಬಿಟ್ಟು ಬಂದರು. ಬಂದವರು ಜಗಲಿಯ ಕುರ್ಚಿಯಲ್ಲಿ ಕೂತರು, ಅಷ್ಟೇ. ಉಮ್ಮ ಕೊಟ್ಟ ಚಾವನ್ನು "ಚೆನ್ನಾಗಿದೆ" ಎಂದು ಹೇಳಿ ಅರ್ಧ ಬಿಡುತ್ತಿದ್ದರು. ಅಡುಗೆಮನೆಯೊಳಗೆ ಅವರು ಕಾಲಿಟ್ಟದ್ದನ್ನು ನಾನು ನೋಡಿರಲಿಲ್ಲ.

ಆ ದಿನ ಒಳಗೆ ಬಂದರು. ಪಾತ್ರೆಗೆ ಇಣುಕಿ, "ಶುಂಠಿ ಹಾಲಿಗೆ ಹಾಕಿದೆಯಾ? ಮೊದಲು ನೀರಿನಲ್ಲಿ ಕುದಿಯಬೇಕು ಮೋಳೆ" ಎಂದರು. (ನಮ್ಮ ಮನೆಮಾತು ಬ್ಯಾರಿ. ಅವರ ಮಾತನ್ನು ಕನ್ನಡಕ್ಕೆ ತರುವಾಗ ಅದರ ಸಿಹಿ ಅರ್ಧ ಹೋಗುತ್ತದೆ.) ನಾನು ವಿಜ್ಞಾನ ವಿಭಾಗದವಳು, ಕಾರಣ ನನಗೇ ಹೊಳೆಯಬೇಕಿತ್ತು. ಪಪ್ಪಾಯಿಯಲ್ಲಿರುವ ಹಾಗೆ ಹಸಿಶುಂಠಿಯಲ್ಲೂ ಪ್ರೋಟೀನ್ ಒಡೆಯುವ ಕಿಣ್ವ ಇದೆ. 60–70 ಡಿಗ್ರಿ ಬಿಸಿಯಲ್ಲಿ ಅದು ಚುರುಕಾಗುತ್ತದೆ, ಚೆನ್ನಾಗಿ ಕುದಿಸಿದರೆ ಸಾಯುತ್ತದೆ. ಉಪ್ಪ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಕಿಣ್ವದ ಹೆಸರು ಗೊತ್ತಿಲ್ಲ, ಕೆಲಸ ಗೊತ್ತು.

"ನಿನಗೆ ಬೇಕಾದ್ದು ಕರಕ್" ಎಂದು ಅವರೇ ಶುರು ಮಾಡಿದರು. ನಮ್ಮ 'ಕಡಕ್' ಗಲ್ಫಿಗೆ ಹೋಗಿ 'ಕರಕ್' ಆಗಿದೆಯಂತೆ. ಅಲ್ಲಿ ಡಬ್ಬದ ಗಟ್ಟಿ ಹಾಲು, ಅಂದರೆ ಎವಾಪೊರೇಟೆಡ್ ಮಿಲ್ಕ್ ಹಾಕುತ್ತಾರೆ. ಹಾಲಿನ ಅರ್ಧಕ್ಕಿಂತ ಹೆಚ್ಚು ನೀರನ್ನು ಆವಿ ಮಾಡಿದ್ದು ಅದು. ನಮ್ಮಲ್ಲಿ ಡಬ್ಬ ಇಲ್ಲ. ಹಾಗಾಗಿ ಇನ್ನೊಂದು ಪ್ಯಾಕೆಟ್ ನಂದಿನಿ ತರಿಸಿ, ಅಗಲ ಬಾಣಲೆಯಲ್ಲಿ ಸಣ್ಣ ಉರಿಗಿಟ್ಟರು. ಅರ್ಧ ಲೀಟರ್ ಒಂದು ದೊಡ್ಡ ಲೋಟದಷ್ಟಾಗುವವರೆಗೆ, ತಳ ಹಿಡಿಯದಂತೆ, ಬದಿಗೆ ಅಂಟಿದ ಕೆನೆಯನ್ನು ಮತ್ತೆ ಮತ್ತೆ ಒಳಗೆ ತಳ್ಳುತ್ತ ಕೈಯಾಡಿಸಬೇಕು. ಮುಕ್ಕಾಲು ಗಂಟೆಯೇ ಹಿಡಿಯಿತು. ಹಾಲು ತೆಳು ಕಂದು ಬಣ್ಣಕ್ಕೆ ತಿರುಗಿತು.

ಆ ಮುಕ್ಕಾಲು ಗಂಟೆಯಲ್ಲಿ ಉಪ್ಪ ಒಂದು ವರ್ಷದಲ್ಲಿ ಆಡದಷ್ಟು ಮಾತಾಡಿದರು. ಅವರ ಕ್ಯಾಫೆಟೇರಿಯಾದ ಮುಂದೆ ಕಾರುಗಳು ಬಂದು ಹಾರ್ನ್ ಹೊಡೆಯುತ್ತವೆ, ಯಾರೂ ಇಳಿಯುವುದಿಲ್ಲ, ಕಪ್ಪನ್ನು ಕಿಟಕಿಗೆ ಕೊಂಡೊಯ್ಯಬೇಕು. ಒಂದು ದಿರ್ಹಮಿಗೆ ಒಂದು ಚಾ. ಬೇಸಿಗೆಯಲ್ಲಿ ಹೊರಗೆ 45 ಡಿಗ್ರಿ, ಒಲೆಯ ಮುಂದೆ ಎಷ್ಟೋ. ಕೆಲವು ಗಿರಾಕಿಗಳ ಹಾರ್ನ್ ಕೇಳಿದರೇ ಸಕ್ಕರೆ ಎಷ್ಟು ಎಂದು ಗೊತ್ತಾಗುತ್ತಿತ್ತಂತೆ.

ನಾನು ಸೌಟು ತಿರುಗಿಸುತ್ತ ತಲೆ ತಗ್ಗಿಸಿದ್ದೆ. ಕಾಲೇಜಿನ ಪ್ರವೇಶ ಅರ್ಜಿಯಲ್ಲಿ 'ತಂದೆಯ ಉದ್ಯೋಗ' ಎಂಬಲ್ಲಿ ನಾನು ಬರೆದದ್ದು 'ಹೋಟೆಲ್ ಮ್ಯಾನೇಜರ್, ಯುಎಇ' ಎಂದು. ಗೆಳತಿಯರಿಗೂ ಹಾಗೆಯೇ ಹೇಳಿದ್ದೆ. ಅವರು ಚಾ ಮಾಡುತ್ತಿದ್ದರೆಂಬುದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು.

ಉಳಿದದ್ದು ಬೇಗ ಆಯಿತು. ಮೂರು ಲೋಟ ನೀರಿಗೆ ಜಜ್ಜಿದ ಶುಂಠಿ, ಸಿಪ್ಪೆ ಸಮೇತ ಕುಟ್ಟಿದ ಐದು ಏಲಕ್ಕಿ. ಕುದಿ ಬಂದ ಮೇಲೆ ನಾಲ್ಕು ಚಮಚ ಚಾಪುಡಿ, ನಾಲ್ಕು ಚಮಚ ಸಕ್ಕರೆ. ಪುಡಿ ಸಿಟಿಸಿಯೇ ಆಗಬೇಕು, ಆ ಸಣ್ಣ ಗುಂಡು ಕಾಳಿನದ್ದು. ಎಲೆಚಾ ಇಷ್ಟು ಹಾಲಿನ ಮುಂದೆ ನಿಲ್ಲುವುದಿಲ್ಲ. ಐದಾರು ನಿಮಿಷ ಕುದಿಸಿ, ಒಗರು ಮೂಗಿಗೆ ಹೊಡೆಯುವಾಗ ಗಟ್ಟಿ ಹಾಲು ಸುರಿದರು. ಹಾಲಿನ ಪ್ರೋಟೀನ್ ಆ ಒಗರನ್ನು ಹಿಡಿದುಕೊಳ್ಳುತ್ತದೆ, ಕಹಿ ಅಡಗುತ್ತದೆ. ಉಕ್ಕಿ ಬರುವಾಗ ಪಾತ್ರೆ ಎತ್ತುವುದು, ಮತ್ತೆ ಇಡುವುದು, ಹೀಗೆ ನಾಲ್ಕು ಸಲ. ಕೊನೆಗೆ ಸೋಸಿ ಎರಡು ಸ್ಟೀಲ್ ಚೆಂಬುಗಳ ನಡುವೆ ಎತ್ತರದಿಂದ ಹೊಯ್ದರು. ಮೊಣಕಾಲು ನೋಯುವ ಮನುಷ್ಯ ಒಂದು ಹನಿಯೂ ಚೆಲ್ಲಲಿಲ್ಲ. ಮಾಲ್‌ನಲ್ಲಿ ಮೆಷಿನ್ ಮಾಡಿದ್ದ ನೊರೆ ಇಲ್ಲಿ ಬರೀ ಕೈಯಿಂದ ಬಂತು.

ಉಮ್ಮ ಬಂದು ಒಂದು ಗುಟುಕು ಕುಡಿದು, "ಇಷ್ಟು ವರ್ಷ ಇದನ್ನು ಯಾರ್ಯಾರಿಗೋ ಕುಡಿಸಿದಿರಲ್ಲ" ಎಂದರು. ಉಪ್ಪ ಏನೂ ಹೇಳಲಿಲ್ಲ, ತಮ್ಮ ಲೋಟ ಪೂರ್ತಿ ಖಾಲಿ ಮಾಡಿದರು. ಒಡೆದ ಹಾಲಿಗೆ ಬೆಲ್ಲ ಹಾಕಿ ನನಗೇ ತಿನ್ನಿಸಿದರು, ಅದೂ ಕೆಟ್ಟದಿರಲಿಲ್ಲ.

ಮಗ್ರಿಬ್ ಆದ ಮೇಲೆ ಅರ್ಜಿಯ ವಿಷಯ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. "ನಾನೂ ಊರಲ್ಲಿ ಹಾಗೇ ಹೇಳಿದ್ದು" ಎಂದರು. ಸ್ವಲ್ಪ ಹೊತ್ತು ಬಿಟ್ಟು, ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಸಣ್ಣ ಅಂಗಡಿ ಕೋಣೆ ಖಾಲಿ ಇದೆ, ಬಂದಾಗಿನಿಂದ ನೋಡುತ್ತಿದ್ದೇನೆ, ಗಲ್ಫಿನಿಂದ ಬಂದವನು ಚಾದಂಗಡಿ ಇಟ್ಟ ಎಂದು ನೆಂಟರು ನಗುತ್ತಾರೆಂದು ಸುಮ್ಮನಿದ್ದೇನೆ ಎಂದರು.

ದ್ವಿತೀಯ ಪಿಯುಸಿ ಅರ್ಜಿಯಲ್ಲಿ ನಾನು 'ಚಾ ತಯಾರಕರು' ಎಂದು ಬರೆದೆ. ಕಚೇರಿಯಲ್ಲಿ ಯಾರೂ ತಲೆಯೆತ್ತಿ ಕೂಡ ನೋಡಲಿಲ್ಲ. ಅಂಗಡಿ ಕೋಣೆಗೆ ಮುಂಗಡ ಕೊಟ್ಟಾಗಿದೆ. ಬೋರ್ಡ್ ಬರೆಯುವ ಕೆಲಸ ನನ್ನದು, ಕನ್ನಡ ಅಕ್ಷರ ನನ್ನದು ಚಂದ ಇದೆಯಂತೆ. ಕರಕಿಗೆ 15 ರೂಪಾಯಿ ಬರೆ ಎಂದು ಉಪ್ಪ, ಹಾಲಿನ ರೇಟು ನೋಡಿ 20 ಬರೆಯೋಣ ಎಂದು ನಾನು. ಆ ಜಾಗ ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ.