ಮಗುವಿನ ದಿನ

9 ಜುಲೈ 2024, ಮಂಗಳವಾರ

ನಾನು ಕಲಿಸುವ ಕ್ಲಿನಿಕಲ್ ಸೈಕಾಲಜಿ ಎಂ.ಫಿಲ್. ಎರಡನೇ ವರ್ಷದ ಹುಡುಗಿ ಇವತ್ತು ಕೇಸ್ ಒಪ್ಪಿಸಿದಳು. ಎಂಟು ವರ್ಷದ ಹುಡುಗ, ಸರ್ಕಾರಿ ಶಾಲೆಯಲ್ಲಿ ಮೂರನೇ ತರಗತಿ. ಅಪ್ಪ ಅಮ್ಮ ಯಾದಗಿರಿ ಕಡೆಯಿಂದ ಗುಳೆ ಬಂದವರು. ಬೆಂಗಳೂರಿನ ಅಂಚಿನಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಸಂಸಾರ. ಶಾಲೆಯಲ್ಲಿ ತುಟಿ ಬಿಚ್ಚುವುದಿಲ್ಲ, ಬುದ್ಧಿ ಸಾಲದೇನೋ ನೋಡಿ ಎಂದು ಶಿಕ್ಷಕಿ ಚೀಟಿ ಬರೆದು ಕಳಿಸಿದ್ದಾರೆ. ಇವಳು ಬಿನೆ-ಕಾಮತ್ ಬುದ್ಧಿಮಟ್ಟದ ಪರೀಕ್ಷೆ ಮಾಡಿದ್ದಾಳೆ. ಅಂಕ ಎಪ್ಪತ್ತರ ಕೆಳಗೆ ಬಂದಿದೆ. ಲೆಕ್ಕ ಸರಿಯಾಗಿದೆ, ಕೈಪಿಡಿಯಲ್ಲಿ ಹೇಳಿದಂತೆಯೇ ನಡೆಸಿದ್ದಾಳೆ.

ಹಿನ್ನೆಲೆಯ ಜಾಗದಲ್ಲಿ ಮಾತ್ರ ಒಂದೇ ಸಾಲು: ‘ಬಡ ಕುಟುಂಬ, ಪೋಷಕರು ಅನಕ್ಷರಸ್ಥರು.’ ಅದನ್ನು ಓದಿ ಆ ಮನೆಯ ಬಗ್ಗೆ ನನಗೆ ಏನೂ ತಿಳಿಯಲಿಲ್ಲ. ಇದೇ ಸಾಲನ್ನು ನೂರಾರು ಫೈಲುಗಳಲ್ಲಿ ನೋಡಿದ್ದೇನೆ, ಪ್ರತಿ ಸಲವೂ ಸಂಕಟವಾಗುತ್ತದೆ.

ಪರೀಕ್ಷೆಯನ್ನು ನಾನು ದೂರುವುದಿಲ್ಲ. ಅಮೆರಿಕದ ಟರ್ಮನ್ನರ 1916ರ ಸ್ಟ್ಯಾನ್‌ಫರ್ಡ್-ಬಿನೆ ಪರೀಕ್ಷೆಯನ್ನು ವಿ. ವಿ. ಕಾಮತರು ಧಾರವಾಡದಲ್ಲಿ ಕುಳಿತು ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದ್ದು 1930ರ ದಶಕದಲ್ಲಿ. ಮಗುವನ್ನು ಅದರದೇ ಭಾಷೆಯಲ್ಲಿ ಕೇಳಬೇಕೆಂದು ಆ ಕಾಲದಲ್ಲೇ ಒಬ್ಬರು ಪಟ್ಟು ಹಿಡಿದು ಕೆಲಸ ಮಾಡಿದರಲ್ಲ, ಅದಕ್ಕೆ ಕೈ ಮುಗಿಯುತ್ತೇನೆ. ಪ್ಯಾರಿಸಿನಲ್ಲಿ 1905ರಲ್ಲಿ ಬಿನೆ ಮೊದಲ ಅಳತೆ ಕಟ್ಟಿದ್ದು ಕೂಡ ಯಾವ ಮಗುವಿಗೆ ಹೆಚ್ಚಿನ ನೆರವು ಬೇಕು ಎಂದು ಗುರುತಿಸುವುದಕ್ಕೆ. ಅದು ಮಗುವಿನ ಹಣೆಬರಹ ಅಂತ ಅವರು ಎಂದೂ ಹೇಳಲಿಲ್ಲ. ಆದರೆ ಆ ಪ್ರಶ್ನೆಗಳಲ್ಲಿ ಓದು, ಎಣಿಕೆ, ಶಾಲೆಯಲ್ಲಿ ಕೂತು ರೂಢಿಯಾದ ಬಗೆ ಎಲ್ಲವೂ ಬೆರೆತಿವೆ. ಈ ಹುಡುಗ ಶಾಲೆಯಲ್ಲಿ ನಿಜವಾಗಿ ಎಷ್ಟು ತಿಂಗಳು ಕೂತಿದ್ದಾನೆ? ಅವಳ ಬಳಿ ಉತ್ತರವಿರಲಿಲ್ಲ. ಶುಕ್ರವಾರ ತಾಯಿಯನ್ನು ಮತ್ತೆ ಮಾತಾಡಿಸೋಣ ಎಂದೆ.

12 ಜುಲೈ, ಶುಕ್ರವಾರ

ಇವತ್ತಿನದನ್ನು ವಿವರವಾಗಿ ಬರೆದಿಡಬೇಕು.

ತಾಯಿ ಬೆಳಗ್ಗೆ ಎಂಟಕ್ಕೇ ಬಂದು ಕೂತಿದ್ದರು, ಮಡಿಲಲ್ಲಿ ಕೈಗೂಸು. ಹುಡುಗಿಗೆ ಹೇಳಿದ್ದೆ, ಮೊದಲು ಸಮಸ್ಯೆಯ ಸುದ್ದಿ ಎತ್ತಬೇಡ, ನಿನ್ನೆ ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವ ತನಕ ಮಗ ಏನೇನು ಮಾಡಿದ ಅಂತಷ್ಟೇ ಕೇಳು. ಮಾನವಶಾಸ್ತ್ರಜ್ಞ ಥಾಮಸ್ ವೈಸ್ನರ್ ಕುಟುಂಬಗಳ ದಿನಚರಿಯಿಂದಲೇ ಮಗುವಿನ ಬೆಳವಣಿಗೆಯನ್ನು ಓದಿದರು. ನನ್ನ ಪಾಠವೂ ಅಲ್ಲಿಂದಲೇ ಶುರುವಾಗುತ್ತದೆ. ‘ಮಗುವಿಗೆ ಏನು ತೊಂದರೆ’ ಎಂದರೆ ತಾಯಿ ಆರೋಪಿಯ ಹಾಗೆ ತಲೆ ತಗ್ಗಿಸುತ್ತಾಳೆ, ದಿನ ಹೇಗೆ ಸಾಗಿತು ಎಂದರೆ ಅವಳೇ ತಿಳಿದವಳು.

ಬಂದ ಉತ್ತರ: ಐದೂವರೆಗೆ ಏಳುತ್ತಾನೆ. ಟ್ಯಾಂಕರ್ ಬಂದರೆ ಕೊಡ ತುಂಬುವುದು ಅವನೇ. ಅಮ್ಮ ಹೆಲ್ಪರ್ ಕೆಲಸಕ್ಕೆ ಹೋಗುವ ತನಕ ತಂಗಿಯನ್ನು ಎತ್ತಿಕೊಂಡಿರುತ್ತಾನೆ. ಅಂಗಡಿಯಿಂದ ಎಣ್ಣೆ, ಬೇಳೆ ತಂದು ಚಿಲ್ಲರೆ ಲೆಕ್ಕ ಒಪ್ಪಿಸುತ್ತಾನೆ. “ಮನ್ಯಾಗ ಸುಮ್ನ ಕುಂದ್ರಂಗಿಲ್ರೀ ಅಕ್ಕಾರ, ಒಂದ ಸವನ ಮಾತಾಡ್ತಾನ. ಸಾಲಿ ಅಂದ್ರ ಬಾಯಿ ಕಟ್ಟಿಬಿಡತೈತ್ರೀ.”

ಊರಲ್ಲಿ ಒಂದನೇ ತರಗತಿಗೆ ಅರ್ಧ ವರ್ಷ ಹೋಗಿದ್ದನಂತೆ, ಅಷ್ಟೇ. ಆಮೇಲೆ ಒಂದು ಸೈಟಿನಿಂದ ಇನ್ನೊಂದಕ್ಕೆ ಅಲೆದಾಟ. ಈ ಜೂನ್‌ನಲ್ಲಿ ನೇರ ಮೂರನೇ ತರಗತಿ. 2009ರ ಶಿಕ್ಷಣ ಹಕ್ಕು ಕಾಯ್ದೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಿ ಎನ್ನುತ್ತದೆ, ಜೊತೆಗೆ ವಿಶೇಷ ತರಬೇತಿಯನ್ನೂ ಕೊಡಿ ಎನ್ನುತ್ತದೆ. ಇವನಿಗೆ ಮೊದಲನೆಯದು ಸಿಕ್ಕಿದೆ, ಎರಡನೆಯದು ಸಿಕ್ಕಿಲ್ಲ.

ಆಮೇಲೆ ಹುಡುಗಿ ತಾನಾಗಿಯೇ ಕೇಳಿದಳು: “ಹಿಂಗ್ಯಾಕೆ ಆಯ್ತು ಅಂತ ನಿಮಗನಿಸುತ್ತೆ ಅಮ್ಮಾ?” ಮನೋವೈದ್ಯ ಆರ್ಥರ್ ಕ್ಲೈನ್‌ಮನ್ ಮತ್ತವರ ಸಂಗಡಿಗರು 1978ರಲ್ಲಿ ವೈದ್ಯರಿಗೆ ಕಲಿಸಿದ ಪ್ರಶ್ನೆಗಳಲ್ಲಿ ಇದು ಮೊದಲಿನದು. ಕಾಯಿಲೆಗೆ ಕಾರಣ ಏನೆಂದುಕೊಂಡಿದ್ದೀರಿ, ಆಗಲೇ ಯಾಕೆ ಶುರುವಾಯಿತು, ಯಾವುದಕ್ಕೆ ಹೆದರುತ್ತೀರಿ ಎಂದು ಮನೆಯವರನ್ನೇ ಕೇಳುವುದು. ತಾಯಿ ತಡೆದು ತಡೆದು ಹೇಳಿದರು. ಹಿಂದಿನ ಸೈಟಿನಲ್ಲಿ ಮೇಲಿಂದ ಒಬ್ಬ ಬಿದ್ದು ತೀರಿಕೊಂಡ, ಮಗ ನೋಡಿದ್ದಾನೆ, ಅಂಜಿಕೆ ಹೊಕ್ಕಿದೆ. ದರ್ಗಾದಿಂದ ತಾಯತ ತಂದು ಕಟ್ಟಿದ್ದೇವೆ. ಮೊದಲ ಭೇಟಿಯಲ್ಲಿ ಯಾಕೆ ಹೇಳಲಿಲ್ಲ? ಯಾರೂ ಕೇಳಲಿಲ್ಲ.

ತಾಯತ ಬಿಚ್ಚಿಸಬೇಕೆ ಎಂದು ಆಮೇಲೆ ಹುಡುಗಿ ನನ್ನನ್ನು ಕೇಳಿದಳು. ಬೇಡ ಎಂದೆ. ಮಗನ ಅಂಜಿಕೆಯನ್ನು ನಮಗಿಂತ ಮೊದಲು ಗುರುತಿಸಿ, ತನಗೆ ಗೊತ್ತಿದ್ದ ಆರೈಕೆ ಮಾಡಿದ ತಾಯಿ ಆಕೆ. ಅದರ ಜೊತೆಯಲ್ಲೇ ನಮ್ಮ ಕೆಲಸವೂ ನಡೆಯಬಹುದು.

19 ಜುಲೈ, ಶುಕ್ರವಾರ

ತಾಯಿ ಮಗ ಬರಲಿಲ್ಲ. ಫೈಲಿನಲ್ಲಿ ಒಬ್ಬ ಕಿರಿಯ ವಿದ್ಯಾರ್ಥಿ ‘ಸಹಕಾರವಿಲ್ಲ’ ಎಂದು ಬರೆದಿಟ್ಟಿದ್ದ. ಸಿಂಧನೂರಿನಿಂದ ಬಂದ ವಿದ್ಯಾರ್ಥಿ ಅದನ್ನು ನೋಡಿ, “ಮೇಡಂ, ಬುಧವಾರ ಮೊಹರಂ ಇತ್ತಲ್ಲ, ಊರಿಗೆ ಹೋಗಿರ್ತಾರೆ” ಎಂದ. ಅವರ ಸೀಮೆಯಲ್ಲಿ ಹಿಂದೂ ಮುಸ್ಲಿಂ ಎನ್ನದೆ ಎಲ್ಲರೂ ಮೊಹರಮ್ಮಿನಲ್ಲಿ ಅಲಾಯಿ ದೇವರ ಮುಂದೆ ಕುಣಿಯುತ್ತಾರೆ, ಗುಳೆ ಹೋದವರು ಎಲ್ಲಿದ್ದರೂ ಆ ಹಬ್ಬಕ್ಕೆ ಊರು ಸೇರುತ್ತಾರೆ. ತರಗತಿಯ ಉಳಿದವರಿಗೆ ಇದು ಹೊಸ ವಿಷಯ. ಇಂಥ ಊರುಗಳಿಂದ, ಇಂಥ ಮನೆಗಳಿಂದ ಓದಲು ಬರುವವರು ನಮಗೆ ಎಷ್ಟು ಬೇಕು! ಎರಡು ವರ್ಷದ ಪೂರ್ಣಾವಧಿ ಕೋರ್ಸು, ಎಷ್ಟೋ ಕಡೆ ವಿದ್ಯಾರ್ಥಿವೇತನವೂ ಇಲ್ಲ. ಸಂಪಾದನೆಯಿಲ್ಲದೆ ಎರಡು ವರ್ಷ ತಡೆದುಕೊಳ್ಳಬಲ್ಲ ಮನೆಯ ಮಕ್ಕಳೇ ಹೆಚ್ಚಾಗಿ ಈ ಕೆಲಸಕ್ಕೆ ಬರುತ್ತಾರೆ. ಇದು ಬದಲಾಗದ ಹೊರತು ನಮ್ಮ ಪಾಠ ಅರ್ಧವೇ.

‘ಸಹಕಾರವಿಲ್ಲ’ ಹೊಡೆದುಹಾಕಿಸಿದೆ.

28 ಜುಲೈ, ಭಾನುವಾರ

ಮೇಸ್ತ್ರಿಯ ಒಪ್ಪಿಗೆ ಪಡೆದು ಇಬ್ಬರು ವಿದ್ಯಾರ್ಥಿಗಳೊಂದಿಗೆ ಶೆಡ್ಡಿಗೆ ಹೋಗಿದ್ದೆ. ಒಂದು ದಿನ ಆಸ್ಪತ್ರೆಗೆ ಬಂದರೆ ತಾಯಿಯ ಕೂಲಿ ಹೋಗುತ್ತದೆ, ಬಸ್ಸು ಎರಡು ಕಡೆ ಬದಲಿಸಬೇಕು. ನಾವು ಬರುವುದೇ ಸುಲಭ. ಹುಡುಗ ತಂಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು, ಸಿಮೆಂಟಿನ ಯಾವ ಲಾರಿ ಎಷ್ಟು ಮೂಟೆ ಇಳಿಸಿತು ಎಂದು ಸಿಂಧನೂರಿನವನಿಗೆ ಬಿಡದೆ ಹೇಳಿದ. ವೈನ್‌ಲ್ಯಾಂಡ್ ಸಾಮಾಜಿಕ ಪ್ರೌಢಿಮೆಯ ಅಳತೆಯನ್ನು ಅಲ್ಲೇ ತುಂಬಿದೆವು. ಅಮೆರಿಕದಲ್ಲಿ ಎಡ್ಗರ್ ಡಾಲ್ 1935ರಲ್ಲಿ ಮಾಡಿದ ಮೂಲದಲ್ಲಿ ಮೇಜಿನ ಚಾಕುವಿನಿಂದ ಬ್ರೆಡ್ಡಿಗೆ ಸವರುವಂಥ ಕೆಲಸಗಳೂ ಇದ್ದವು. ನಾಗಪುರದ ಮಾಲಿನ್ ಅದನ್ನು ಇಲ್ಲಿಗೆ ಹೊಂದಿಸಿಕೊಟ್ಟಿದ್ದಾರೆ. ಈ ಹುಡುಗ ತನ್ನ ವಯಸ್ಸಿಗೆ ಸರಿಯಾಗಿದ್ದಾನೆ, ಕೆಲವು ಕಡೆ ಮುಂದೆಯೇ ಇದ್ದಾನೆ. ಬುದ್ಧಿಮಾಂದ್ಯ ಎಂದು ಬರೆಯುವ ಮಾತೇ ಇಲ್ಲ.

ಆಯ್ದ ಜಾಗಗಳಲ್ಲಿ ಮಾತ್ರ ಮಾತು ನಿಲ್ಲುವ ಆತಂಕ ಇದು. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ಇದನ್ನು 2013ರಿಂದ ಆತಂಕದ ತೊಂದರೆಗಳ ಸಾಲಿನಲ್ಲಿಟ್ಟಿದೆ. ಶಾಲೆಗೆ ಸೇರಿದ ಮೊದಲ ತಿಂಗಳನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದೂ ಹೇಳಿದೆ. ಹಾಗಾಗಿ ರೋಗದ ಹೆಸರು ಹಚ್ಚಲು ಅವಸರ ಬೇಡ, ಕೆಲಸ ಶುರುಮಾಡಲು ತಡವೂ ಬೇಡ.

1 ಆಗಸ್ಟ್, ಗುರುವಾರ

ಬೇರೆ ಕೇಸು. ತಾಯಿಗೆ ದಖನಿ ಉರ್ದು ಮಾತ್ರ ಬರುತ್ತದೆ, ಹನ್ನೊಂದು ವರ್ಷದ ಮಗಳು ತಮ್ಮನ ವಿಷಯ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದಳು. ಅಪ್ಪನ ಕುಡಿತದ ಪ್ರಶ್ನೆ ಬಂದ ಕೂಡಲೇ ನಿಲ್ಲಿಸಿದೆ. ಮಗುವಿನ ಬಾಯಿಂದ ಅದನ್ನು ಹೇಳಿಸುವುದು ಅನ್ಯಾಯ. ಉರ್ದು ಬಲ್ಲ ನರ್ಸ್ ಬಂದು ಕೂತರು. ತಾಯಿಯ ಕಡೆ ತಿರುಗಿ ಮಾತಾಡಿ, ಚಿಕ್ಕ ಚಿಕ್ಕ ವಾಕ್ಯ ಹೇಳಿ ನಿಲ್ಲಿ ಎಂದು ವಿದ್ಯಾರ್ಥಿಗಳಿಗೆ ಸೂಚಿಸಿದೆ. ಇಷ್ಟನ್ನೂ ಅಭ್ಯಾಸ ಮಾಡಿಸಬೇಕು, ತಾನಾಗಿ ಬರುವುದಿಲ್ಲ.

6 ಆಗಸ್ಟ್, ಮಂಗಳವಾರ

ಮತ್ತೆ ಯಾದಗಿರಿಯ ಹುಡುಗನ ಕೇಸು. ಶಾಲೆಯಲ್ಲಿ ಮಾತು ನಿಲ್ಲುವ ಮಗುವಿಗೆ ಪುಸ್ತಕ ಹೇಳುವ ಕ್ರಮ ಹೀಗೆ: ಖಾಲಿ ತರಗತಿಯಲ್ಲಿ ಮೊದಲು ತಾಯಿಯೊಡನೆ ಮಾತು, ಬಾಗಿಲಲ್ಲಿ ಶಿಕ್ಷಕಿ, ದಿನದಿನಕ್ಕೆ ಶಿಕ್ಷಕಿ ಹತ್ತಿರ, ತಾಯಿ ದೂರ. ಆದರೆ ಈ ತಾಯಿ ದಿನಾ ಶಾಲೆಗೆ ಬಂದರೆ ರಾತ್ರಿ ಒಲೆ ಹೊತ್ತುವುದಿಲ್ಲ. ಹುಡುಗಿ ಒಂದು ದಾರಿ ಹುಡುಕಿಕೊಂಡು ಬಂದಳು. ಪಕ್ಕದ ಶೆಡ್ಡಿನ ಐದನೇ ತರಗತಿಯ ಹುಡುಗ ಇವನ ಗೆಳೆಯ, ಇಬ್ಬರೂ ಒಂದೇ ಶಾಲೆ. ಬಿಸಿಯೂಟದ ನಂತರ ಹತ್ತು ನಿಮಿಷ ಅವನ ಜೊತೆ ಖಾಲಿ ತರಗತಿಯಲ್ಲಿ ಲಾರಿ ಆಟ, ಶಿಕ್ಷಕಿ ಕಿಟಕಿಯ ಬಳಿ ನೋಟ್‌ಬುಕ್ ತಿದ್ದುತ್ತಿರುವುದು. ಶಿಕ್ಷಕಿಯೂ ಒಪ್ಪಿದ್ದಾರೆ. ಓದಿದ ತಂತ್ರವನ್ನು ಆ ಮನೆಯ ದುಡಿಮೆಗೆ ತಕ್ಕಂತೆ ಹೊಂದಿಸಿದಳು. ನಾನು ಇಷ್ಟು ವರ್ಷ ಕಲಿಸಲು ಹೆಣಗುತ್ತಿರುವುದು ಇದನ್ನೇ. ಬಹಳ ಸಂತೋಷವಾಯಿತು.

14 ಆಗಸ್ಟ್, ಬುಧವಾರ

ಲಾರಿ ಆಟದಲ್ಲಿ ಹುಡುಗ ಗೆಳೆಯನಿಗೆ ಪಿಸುಮಾತಿನಲ್ಲಿ ‘ಟೈರ್ ಹೋತು’ ಎಂದದ್ದು ಶಿಕ್ಷಕಿಗೆ ಕೇಳಿಸಿದೆ. ತಿರುಗಿ ನೋಡಲಿಲ್ಲವಂತೆ, ಹೇಳಿಕೊಟ್ಟ ಹಾಗೆ.

ವಿಭಾಗದ ಸಭೆಗೆ ಎರಡು ಪ್ರಸ್ತಾವ ಬರೆದೆ. ವಿದ್ಯಾರ್ಥಿಗಳು ಪರೀಕ್ಷೆಗೆ ಒಪ್ಪಿಸುವ ವರದಿಗಳಲ್ಲಿ ಒಂದಾದರೂ ಮನೆ ಭೇಟಿಯಿಂದ ಬರೆದದ್ದಿರಬೇಕು, ಮಗುವಿನ ಒಂದಿಡೀ ದಿನದ ವಿವರ ಅದರಲ್ಲಿರಬೇಕು, ಅದಕ್ಕೂ ಅಂಕವಿರಬೇಕು. ಇನ್ನೊಂದು, ವಾರಕ್ಕೊಮ್ಮೆ ಸಂಜೆ ಆರರ ನಂತರ ಮಕ್ಕಳ ಕ್ಲಿನಿಕ್.

ದೀಪಾವಳಿಗೆ ಈ ಹುಡುಗನ ಕುಟುಂಬ ಊರಿಗೆ ಮರಳಬಹುದು, ಮತ್ತೆ ಇದೇ ಸೈಟಿಗೆ ಬರುತ್ತಾರೆಂದು ಹೇಳಲಾಗದು. ಆದ್ದರಿಂದ ತಾಯಿಯ ಕೈಗೆ ಕೊಡಲು ಒಂದು ಪುಟದ ಸಾರಾಂಶವನ್ನು ಹುಡುಗಿ ಕನ್ನಡದಲ್ಲಿ ಬರೆಯುತ್ತಿದ್ದಾಳೆ. ಏನು ಮಾಡಿದೆವು, ಶಿಕ್ಷಕರು ಏನು ಮಾಡಬೇಕು, ತಾಲ್ಲೂಕು ಆಸ್ಪತ್ರೆಯಲ್ಲಿ ನಡೆಯುವ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್ಕಿನಲ್ಲಿ ಯಾವ ವಾರ ತೋರಿಸಬೇಕು. ಗುರುವಾರ ರಾತ್ರಿ ಸಿಂಧನೂರಿನವನು ಅದನ್ನು ಫೋನಿನಲ್ಲಿ ತಾಯಿಗೆ ಓದಿ ಹೇಳುತ್ತಾನೆ, ತಿಳಿಯದ ಕಡೆ ತಿದ್ದುತ್ತಾರೆ. ಅದು ಮುಗಿದ ಮೇಲೆ ನಾನು ಸಹಿ ಮಾಡಬೇಕು.