ದೀಪ ಹಚ್ಚುವ ಹೊತ್ತು

ಕಳೆದ ಬೇಸಗೆಯ ರಜದಲ್ಲಿ ನನಗೂ ನನ್ನ ಮೊಮ್ಮಗನಿಗೂ ಒಂದು ವ್ಯಾಜ್ಯ ಹುಟ್ಟಿತು. ವಾದಿ ನಾನು, ಪ್ರತಿವಾದಿ ಹನ್ನೆರಡು ವರ್ಷದ ಬಾಲಕ, ವ್ಯಾಜ್ಯಕ್ಕೆ ಕಾರಣವಾದ ಆಸ್ತಿಯೋ, ಅಂಗೈಯಗಲದ ಒಂದು ಮೊಬೈಲು. ಹುಡುಗನು ಬೆಂಗಳೂರಿನಿಂದ ಹೊಳೆನರಸೀಪುರಕ್ಕೆ ಬಂದರೆ ಹೇಮಾವತಿಯ ದಡದಲ್ಲಿ ಅಡ್ಡಾಡಿಯಾನು, ನರಸಿಂಹಸ್ವಾಮಿಯ ಗುಡಿಯ ಅಂಗಳದಲ್ಲಿ ನಾಲ್ಕು ಮಕ್ಕಳ ಜೊತೆ ಓಡಿಯಾನು ಎಂದು ನಾನು ಲೆಕ್ಕ ಹಾಕಿದ್ದೆನು. ಅವನಾದರೆ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು, ತಲೆ ತಗ್ಗಿಸಿ, ಯಾವುದೋ ಯುದ್ಧದಲ್ಲಿ ಮುಳುಗಿಹೋದನು. ಊಟಕ್ಕೆ ಮೂರು ಸಲ ಕರೆದದ್ದಾಯಿತು. ಮೂರು ಸಲವೂ ಒಂದೇ ಉತ್ತರ: "ಒಂದೇ ನಿಮಿಷ, ತಾತ. ಇದನ್ನು ಮಧ್ಯದಲ್ಲಿ ನಿಲ್ಲಿಸುವ ಹಾಗಿಲ್ಲ."

ಮೂವತ್ತು ವರ್ಷ ಮೇಷ್ಟರಾಗಿದ್ದವನಿಗೆ ಉಪದೇಶದ ಬಾಯಿ ತಾನಾಗಿಯೇ ತೆರೆಯುತ್ತದೆ. ನಾನು ನಮ್ಮ ಕಾಲದ ಆಟಗಳ ಮಹಿಮೆಯನ್ನೂ, ಈಗಿನ ಕಾಲದ ಕೇಡನ್ನೂ, ಕಣ್ಣಿಗೆ ಬರುವ ದೋಷವನ್ನೂ ವಿಸ್ತಾರವಾಗಿ ವರ್ಣಿಸಿದೆನು. ಹುಡುಗನು ಮರ್ಯಾದೆಯಿಂದಲೇ ಎಲ್ಲವನ್ನೂ ಕೇಳಿದನು. ಕೊನೆಗೆ, "ತಾತ, ರಾತ್ರಿ ನಿಮ್ಮ ಕೋಣೆಯಲ್ಲಿ ನೀಲಿ ಬೆಳಕು ಕಾಣುತ್ತಲ್ಲ, ಅದು ಏನು?" ಎಂದನು. ಅಷ್ಟೇ. ಅಡಿಗೆಮನೆಯಿಂದ ನಮ್ಮ ಮನೆಯವರು ನಕ್ಕ ಸದ್ದು ಕೇಳಿಸಿತು. ವಾದಿಯು ಬಾಯಿ ಮುಚ್ಚಿಕೊಂಡು ಎಲೆಯ ಮುಂದೆ ಕುಳಿತನು.

ಆ ನೀಲಿ ಬೆಳಕಿನ ವೃತ್ತಾಂತವನ್ನು ಹೇಳಿಯೇ ಬಿಡುವುದು ಒಳ್ಳೆಯದು. ನಿವೃತ್ತಿಯಾದ ಮೇಲೆ ಮಗನು ನನಗೊಂದು ಫೋನನ್ನು ತಂದುಕೊಟ್ಟನು. ಆಪತ್ಕಾಲಕ್ಕೆ ಬೇಕಾಗುತ್ತದೆ ಎಂಬುದು ಅವನು ಹೇಳಿದ ಕಾರಣ. ಮೊದಲ ವರ್ಷ ಅದು ಗೂಡಿನಲ್ಲಿ ತನ್ನ ಪಾಡಿಗೆ ಇದ್ದಿತು. ಎರಡನೆಯ ವರ್ಷ ಯಾರೋ ಪುಣ್ಯಾತ್ಮರು ಅದರಲ್ಲಿ ಇಸ್ಪೀಟಿನ ಆಟವೊಂದನ್ನು ತೋರಿಸಿಕೊಟ್ಟರು. ದುಡ್ಡಿಲ್ಲ, ಕಾಸಿಲ್ಲ, ಜೊತೆಗಾರರು ಬೇಕಿಲ್ಲ, ಯಂತ್ರವೇ ಎದುರಾಳಿ. ಅದಾದ ಮೇಲೆ ತುಣುಕು ವಿಡಿಯೋಗಳು ಬಂದವು. ಒಬ್ಬಳು ಅಕ್ಕಿರೊಟ್ಟಿ ತಟ್ಟುವಳು; ಒಬ್ಬನು ಮಂಡಿನೋವಿಗೆ ಮದ್ದು ಹೇಳುವನು; ಒಬ್ಬ ವಕೀಲನು ಪಾಲುಪತ್ರದ ತೊಡಕನ್ನು ಬಿಡಿಸುವನು; ಒಂದು ಆನೆಯು ಹೊಳೆಯಲ್ಲಿ ಮಲಗಿ ಸ್ನಾನ ಮಾಡಿಸಿಕೊಳ್ಳುವುದು. ಆನೆಯ ಬೆನ್ನು ಒಣಗುವುದರೊಳಗೆ ಇನ್ನೊಂದು ಬಂದು ನಿಂತಿರುತ್ತದೆ. ಬೇಡವೆನ್ನಲು ನನಗೆ ಸಂದು ದೊರೆಯುವುದಿಲ್ಲ.

ರಜಕ್ಕೆ ಎರಡು ತಿಂಗಳ ಹಿಂದಿನ ಒಂದು ರಾತ್ರಿ. ಒಂಬತ್ತೂವರೆ ಗಂಟೆ ಇರಬಹುದು. ಇಸ್ಪೀಟಿನ ಆಟವು ಒಳ್ಳೆಯ ಘಟ್ಟಕ್ಕೆ ಬಂದಿದ್ದಾಗ ಎಲೆಗಳ ಮೇಲೆ ನನ್ನ ತಂಗಿಯ ಹೆಸರು ಮೂಡಿತು. ಅವಳು ಅರಕಲಗೂಡಿನಲ್ಲಿರುವವಳು, ಯಜಮಾನರು ತೀರಿಕೊಂಡು ನಾಲ್ಕು ವರ್ಷವಾಗಿದೆ. 'ಹತ್ತು ನಿಮಿಷ ಬಿಟ್ಟು ನಾನೇ ಮಾತನಾಡಿದರಾಯಿತು' ಎಂದುಕೊಂಡು ಕೆಂಪು ಗುರುತನ್ನು ಒತ್ತಿದೆನು. ಆಮೇಲೆ ಗಡಿಯಾರವನ್ನು ನೋಡಿದಾಗ ಒಂದು ಗಂಟೆಗೆ ಹತ್ತು ನಿಮಿಷವಿತ್ತು.

ಬೆಳಿಗ್ಗೆ ಮಾತನಾಡಿದೆನು. "ಏನಮ್ಮ, ರಾತ್ರಿ ಕರೆದಿದ್ದೆಯಲ್ಲ?" ಎಂದೆ. ಅವಳು ಎಂದಿನ ಧ್ವನಿಯಲ್ಲಿಯೇ, "ಏನೂ ಇಲ್ಲ, ಅಣ್ಣಯ್ಯ. ನಿನ್ನೆ ಅವರ ತಿಥಿ ಮುಗಿಯಿತು. ಸಾಯಂಕಾಲ ಮಕ್ಕಳೆಲ್ಲ ಬೆಂಗಳೂರಿಗೆ ಹೊರಟುಹೋದರು. ಮನೆ ಭಣಗುಟ್ಟುತ್ತಿತ್ತು. ಯಾರಾದರೂ ಒಂದು ಮಾತು ಆಡಿದರೆ ಸಾಕು ಎನ್ನಿಸಿತು. ನೀನು ಮಲಗಿಬಿಟ್ಟಿದ್ದೆಯೇನೋ" ಎಂದಳು. ನಾನು, "ಹೌದು, ಮಲಗಿಬಿಟ್ಟಿದ್ದೆ" ಎಂದೆನು.

ಎಪ್ಪತ್ತರ ಮನುಷ್ಯನು ಒಡಹುಟ್ಟಿದವಳಿಗೆ ಸುಳ್ಳು ಹೇಳಿದ್ದು ಇಂಥ ಕಾರಣಕ್ಕೆ. ಮೊಮ್ಮಗನು ಆ ದಿನ ಕೇಳಿದ ಪ್ರಶ್ನೆಯು ಚುಚ್ಚಿದ್ದು ಈ ಜಾಗವನ್ನು.

ಹಾಗಾದರೆ ತಪ್ಪು ಯಾರದು? ಮುದುಕರಿಗೆ ಸಿದ್ಧವಾದ ಉತ್ತರವೊಂದಿದೆ: ಹೊಸದರದು. ಆದರೆ ನಾನು ಅಷ್ಟು ಸುಲಭವಾಗಿ ಪಾರಾಗುವಂತಿಲ್ಲ. ಧರ್ಮರಾಯನು ರಾಜ್ಯವನ್ನೂ ತಮ್ಮಂದಿರನ್ನೂ ಸೋತಾಗ ವಿದ್ಯುಚ್ಛಕ್ತಿಯಿರಲಿಲ್ಲ, ದಾಳಗಳೇ ಸಾಕಾದವು. 1935ರಲ್ಲಿ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿಯನ್ನು ಪ್ರಾರಂಭಿಸಿದರು. ಇಂದು ನಮಗೆ ಅದು ಪೂಜ್ಯವಾದ ಇತಿಹಾಸ. ಆದರೆ ನಮ್ಮ ಮನೆಗೆ ರೇಡಿಯೋ ಬಂದಾಗ ನಮ್ಮ ತಂದೆಯವರು ಅದನ್ನು 'ಹರಟೆಯ ಪೆಟ್ಟಿಗೆ' ಎಂದು ಕರೆದು ಮೂರು ದಿನ ಮುಖ ತಿರುಗಿಸಿಕೊಂಡಿದ್ದರು. ನಾಲ್ಕನೆಯ ದಿನದಿಂದ ಕನ್ನಡ ವಾರ್ತೆಯ ಹೊತ್ತಿಗೆ ಯಾರೂ ಕೆಮ್ಮುವಂತಿರಲಿಲ್ಲ.

ಅದರ ಮೇಲೆ ನಾವು ಹಾಸನದ ಸೀಮೆಯವರು. ಯಂತ್ರವನ್ನು ಹಳಿಯುವ ಅಧಿಕಾರವು ನಮಗೆ ಇತರರಿಗಿಂತ ಕಡಿಮೆ. 1982ರಲ್ಲಿ ಇನ್ಸಾಟ್ ಉಪಗ್ರಹಗಳ ಕಾಲವು ಮೊದಲಾದಂದಿನಿಂದ ಅವುಗಳನ್ನು ಆಳುವ ಕೇಂದ್ರವು ನಮ್ಮ ಹಾಸನದಲ್ಲಿದೆ. ಜನರ ಬಾಯಲ್ಲಿ ಅದು ಎಂ.ಸಿ.ಎಫ್. ದೇಶದ ಮನೆಮನೆಗೆ ದೂರದರ್ಶನದ ಚಿತ್ರವನ್ನು ಹಂಚುವ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತಿವೆ. ನಿಂತಿವೆಯೆಂಬುದು ನಮ್ಮ ಕಣ್ಣಿನ ಮಾತು. ಸೂರ್ಯಚಂದ್ರರ ಸೆಳೆತಕ್ಕೆ ಸಿಕ್ಕಿ ಅವು ಒಂದೇ ಸಮನೆ ತಮ್ಮ ಸ್ಥಾನದಿಂದ ಸರಿಯುತ್ತಿರುತ್ತವೆಯಂತೆ. ಕೆಳಗೆ ಕುಳಿತವರು ಹಗಲಿರುಳು ಕಣ್ಣಿಟ್ಟು ನೋಡುತ್ತಿದ್ದು, ಆಗಾಗ ಅದರಲ್ಲಿಯೇ ಇರುವ ಚಿಕ್ಕ ರಾಕೆಟ್ಟುಗಳಿಂದ ಒಂದಿಷ್ಟು ತಳ್ಳಿ, ಮತ್ತೆ ಸ್ಥಾನಕ್ಕೆ ತರಬೇಕು. ಇದನ್ನು ತಿಳಿದಂದಿನಿಂದ ನನಗೆ ಒಂದು ಸಮಾಧಾನವೂ ಉಂಟಾಗಿದೆ, ಒಂದು ನಾಚಿಕೆಯೂ ಉಂಟಾಗಿದೆ. ಅಷ್ಟು ಲೆಕ್ಕಾಚಾರದಿಂದ ಮೇಲೆ ಕಳುಹಿಸಿದ ವಸ್ತುವೇ ಸರಿದುಹೋಗುವುದಾದರೆ ನನ್ನ ಮನಸ್ಸು ಸರಿದದ್ದು ಆಶ್ಚರ್ಯವಲ್ಲ. ಆದರೆ ಅದನ್ನು ಕಾಯುವವರಿದ್ದಾರೆ. ನನ್ನದನ್ನು ಕಾಯಬೇಕಾದವನು ನಾನೇ.

ಮೊದಲಿನ ಯಂತ್ರಗಳು ಈ ಕಾವಲಿಗೆ ತಾವೇ ಒಂದಿಷ್ಟು ನೆರವಾಗುತ್ತಿದ್ದವು. 1987ರ ಜನವರಿಯಿಂದ 1988ರ ಜುಲೈವರೆಗೆ ಭಾನುವಾರದ ಬೆಳಿಗ್ಗೆ ದೂರದರ್ಶನದಲ್ಲಿ ರಾಮಾಯಣವು ಬರುತ್ತಿದ್ದುದನ್ನು ವಾಚಕರಲ್ಲಿ ಅನೇಕರು ಬಲ್ಲರು. ನಮ್ಮ ಬೀದಿಗೆಲ್ಲ ಆಗ ಒಂದೇ ಟಿ.ವಿ. ಭಾಷೆ ಹಿಂದಿಯಾದರೂ ಕಥೆ ನಮ್ಮದೇ ಆದ್ದರಿಂದ ಮಡಿಯುಟ್ಟ ಅಜ್ಜಿಯರೂ ಮುಂದಿನ ಸಾಲಿನಲ್ಲಿ ಬಂದು ಕೂರುತ್ತಿದ್ದರು. ಕಥೆಯು ಅಂದಿನ ಮಟ್ಟಿಗೆ ಮುಗಿಯಿತು ಎಂದೊಡನೆ ಮನೆಯವರು ಗುಂಡಿಯನ್ನು ತಿರುಗಿಸುವರು, ಚಾಪೆ ಸುತ್ತುವರು, ಉಳಿದ ಕಥೆಗೆ ಇನ್ನೊಂದು ಭಾನುವಾರ ಕಾಯಬೇಕು. ಆ ಆರು ದಿನದಲ್ಲಿ ಹೊಲ, ಅಂಗಡಿ, ಶಾಲೆ, ಜಗಳ ಎಲ್ಲವೂ ನಡೆಯುತ್ತಿದ್ದವು.

ಇಂದಿನ ಯಂತ್ರಕ್ಕೆ ಚಾಪೆ ಸುತ್ತುವ ಹೊತ್ತೇ ಇಲ್ಲ. ಇದು ಆಕಸ್ಮಿಕವೂ ಅಲ್ಲ. ಹಿಂದೆ ಕಂಪ್ಯೂಟರಿನ ಪುಟಕ್ಕೆ ಒಂದು ತಳವಿರುತ್ತಿತ್ತು. ತಳ ಮುಟ್ಟಿದವನು 'ಮುಂದಿನ ಪುಟ' ಎಂಬಲ್ಲಿ ಒತ್ತಬೇಕಾಗಿತ್ತು. ಒತ್ತುವ ಮುಂಚೆ ಒಂದು ಗಳಿಗೆ ಯೋಚಿಸಬಹುದಾಗಿತ್ತು. 2006ರಲ್ಲಿ ಅಮೆರಿಕದ ಅಜಾ ರಾಸ್ಕಿನ್ ಎಂಬ ತರುಣನು ತಳವೇ ಇಲ್ಲದ ಪುಟವನ್ನು ರಚಿಸಿದನು. ಬೆರಳನ್ನು ಎಳೆದಷ್ಟೂ ಅದು ಬೆಳೆಯುತ್ತ ಹೋಗುತ್ತದೆ. ಓದುವವರಿಗೆ ಅನುಕೂಲವಾಗಲೆಂದು ತಾನು ಮಾಡಿದ್ದು ಅವರ ಹೊತ್ತನ್ನೆಲ್ಲ ನುಂಗಿತೆಂದು ಅವನೇ ಮುಂದೆ ಬಹಿರಂಗವಾಗಿ ಪಶ್ಚಾತ್ತಾಪಪಟ್ಟನು. ದ್ರೌಪದಿಯ ಅಕ್ಷಯಪಾತ್ರೆಗೂ ಒಂದು ಕಟ್ಟಳೆಯಿತ್ತು: ಅವಳು ಉಂಡ ಮೇಲೆ ಆ ದಿನಕ್ಕೆ ಮುಗಿಯಿತು. ಈ ಪಾತ್ರೆಗೆ ಆ ಕಟ್ಟಳೆಯನ್ನು ಹಾಕುವವರೇ ಇಲ್ಲ.

ದುಡ್ಡು ಕಟ್ಟಿ ಆಡುವ ಆಟಗಳ ಮಾತು ಇನ್ನೂ ಕಠಿನವಾದದ್ದು. ಚನ್ನರಾಯಪಟ್ಟಣದ ನನ್ನ ಹಳೆಯ ಮಿತ್ರರೊಬ್ಬರ ಮಗನು ಕ್ರಿಕೆಟ್ಟಿನ ತಂಡ ಕಟ್ಟುವ ನೆಪದಲ್ಲಿ ಮೊದಲು ಐವತ್ತು ರೂಪಾಯಿ ಗೆದ್ದನು. ಸೋತದ್ದು ಎಷ್ಟೆಂದು ನಾನು ಕೇಳಲಿಲ್ಲ. ಮಾರಿದ ತೆಂಗಿನ ತೋಟದ ತುಂಡನ್ನು ಅವರೇ ಬಸ್ಸಿನ ಕಿಟಕಿಯಿಂದ ತೋರಿಸಿದರು. ಇಂಥ ಆಟಗಳನ್ನು ತಡೆಯಲು ನಮ್ಮ ರಾಜ್ಯವು 2021ರಲ್ಲಿ ಮಾಡಿದ ತಿದ್ದುಪಡಿಯ ಮುಖ್ಯ ವಿಧಿಗಳನ್ನು ಹೈಕೋರ್ಟು 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. ಮುಂದೆ 2025ರ ಆಗಸ್ಟಿನಲ್ಲಿ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಪಾರ್ಲಿಮೆಂಟೇ ಅಂಗೀಕರಿಸಿತು. ಕಾಯಿದೆಯು ಜೂಜಿನ ಕಟ್ಟೆಗೆ ಬೀಗ ಹಾಕಬಲ್ಲದು, ಒಳ್ಳೆಯದೇ. ಆದರೆ ನಾನು ಸೋತದ್ದು ದುಡ್ಡನ್ನಲ್ಲ. ಕಾಸಿಲ್ಲದ ಆಟದಲ್ಲಿ ಒಂದು ರಾತ್ರಿಯನ್ನೂ ತಂಗಿಯ ಒಂದು ಮಾತನ್ನೂ ಸೋತವನಿಗೆ ಯಾವ ಕಾಯಿದೆಯೂ ಬಂದು ಕೈ ಹಿಡಿಯುವುದಿಲ್ಲ.

ಹೀಗೆಲ್ಲ ಯೋಚಿಸುತ್ತಿರುವಾಗ ನನಗೆ ನಮ್ಮ ತಾಯಿಯ ನೆನಪಾಯಿತು. ಮಳೆಗಾಲದ ಮಧ್ಯಾಹ್ನಗಳಲ್ಲಿ ಅವಳು ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಿಂದ ಐದೈದು ಮನೆಯ ಚೌಕಾಬಾರವನ್ನು ಬರೆದುಕೊಡುವಳು. ಒಂದೊಂದು ಪಕ್ಕದ ನಡುಮನೆಗೆ ಅಡ್ಡಗೆರೆ ಎಳೆದರೆ ಅದು ಕಟ್ಟೆ. ಅಲ್ಲಿ ಕುಳಿತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ಕವಡೆ ಸಿಕ್ಕದಿದ್ದರೆ ಹುಣಿಸೆಬೀಜವನ್ನು ಒಂದು ಪಕ್ಕ ತೇದು ಬೆಳ್ಳಗೆ ಮಾಡುವುದು. ಕಾಯಿಗಳು ನನಗೆ ಕಡ್ಡಿಯ ತುಂಡು. ತಂಗಿಗೆ ಒಡೆದ ಬಳೆಯ ಚೂರು. ನಾಲ್ಕು ಬಿದ್ದರೆ ಚೌಕ, ಎಂಟು ಬಿದ್ದರೆ ಬಾರ. ಎರಡಕ್ಕೂ ಮತ್ತೊಂದು ಆಟ. ಹೊರಗೆ ಬೆಳಕು ಕುಂದಿತೋ ಇಲ್ಲವೋ, ತಾಯಿಯು ಒದ್ದೆ ಬಟ್ಟೆಯನ್ನು ಹಿಡಿದು ಬಂದು ಗೆರೆಗಳನ್ನು ಒರೆಸಿಬಿಡುವಳು. ಒರೆಸಿದ ಮೇಲೆಯೇ ದೀಪ. ಒಂದು ದಿನ ನನ್ನ ಕೊನೆಯ ಕಾಯಿಯು ಹಣ್ಣಾಗಲು ಒಂದೇ ಒಂದು ಬೇಕಾಗಿತ್ತು. ನಾನು ಅತ್ತೆನು, ಕೈ ಅಡ್ಡ ಹಿಡಿದೆನು. ಅವಳು ನನ್ನ ಕೈಯನ್ನು ಮೆಲ್ಲಗೆ ಎತ್ತಿ, ಅದರ ಕೆಳಗಿನ ಮನೆಯನ್ನೂ ಒರೆಸಿ, "ನಾಳೆಗೂ ಏನಾದರೂ ಉಳಿದಿರಲಪ್ಪ" ಎಂದಳು.

ಆಟದಲ್ಲಿ ಹಳೆಯದು ಹೊಸದು ಎಂಬುದು ಮುಖ್ಯವಲ್ಲವೆಂದು ಈಗ ನನಗೆ ತೋರುತ್ತದೆ. ಕೇಳಬೇಕಾದದ್ದು ಎರಡೇ ಪ್ರಶ್ನೆ: ಎದುರಿಗೆ ಮನುಷ್ಯರಿದ್ದಾರೆಯೆ? ಏಳುವ ಹೊತ್ತು ಇದೆಯೆ? ಎದುರಿಗೆ ಮನುಷ್ಯರಿದ್ದರೆ ಅವರಿಗೂ ಹಸಿವಾಗುತ್ತದೆ, ನಿದ್ರೆ ಬರುತ್ತದೆ, ಹಾಲು ಕರೆಯುವ ಕೆಲಸವಿರುತ್ತದೆ. ಆದ್ದರಿಂದ ಆಟವು ನಿಲ್ಲುತ್ತದೆ. ಯಂತ್ರಕ್ಕೆ ಹಾಲು ಕರೆಯುವ ಕೆಲಸವಿಲ್ಲ.

ಮೊಮ್ಮಗನ ಮುಂದೆ ಇದನ್ನೆಲ್ಲ ಹೇಳಿದೆನು. ಸುಳ್ಳು ಹೇಳಿದ್ದನ್ನೂ ಬಿಡಲಿಲ್ಲ. ಅವನು ಸ್ವಲ್ಪ ಯೋಚಿಸಿ, "ಅಜ್ಜಿಯ ಜೊತೆ ಚೌಕಾಬಾರ ಆಡಿ, ತಾತ. ನಾನು ಮಾಡಿಕೊಡುತ್ತೇನೆ" ಎಂದನು. ನೆಲದ ಮೇಲೆ ನಾನು ಗೆರೆ ಬರೆದೆನು. ಹಿತ್ತಾಳೆಯ ಚೊಂಬಿಗೆ ಒರಗಿಸಿ ಫೋನನ್ನು ನಿಲ್ಲಿಸಿದನು. ಅರಕಲಗೂಡಿನ ಪಡಸಾಲೆಯೂ ಅಲ್ಲಿ ಬರೆದಿದ್ದ ಇನ್ನೊಂದು ಚೌಕವೂ ಕಾಣಿಸಿದವು. ಅವಳು ಹಾಕಿದ ಕವಡೆಗೆ ಇಲ್ಲಿ ಹುಡುಗನು ಬಳೆಚೂರನ್ನು ನಡೆಸುವನು. ನಾನು ಹಾಕಿದ್ದಕ್ಕೆ ಅಲ್ಲಿ ಅವಳು ಕಡ್ಡಿಯನ್ನು ನಡೆಸುವಳು.

ಆಟ ಮೊದಲಾಗುವ ಮುಂಚೆ ನಾನು, "ಆವತ್ತು ರಾತ್ರಿ ನಾನು ಮಲಗಿರಲಿಲ್ಲ, ಅಮ್ಮ. ಇಸ್ಪೀಟು ಆಡುತ್ತಿದ್ದೆ" ಎಂದೆನು.

ಅವಳು ಕವಡೆಯನ್ನು ಕೈಯಲ್ಲಿ ಕುಲುಕುತ್ತ, "ಗೊತ್ತಿತ್ತು, ಅಣ್ಣಯ್ಯ. ಒಂದು ಗಂಟೆಗೆ ಹತ್ತು ನಿಮಿಷವಿರುವಾಗ ನೀನೇ ನನಗೆ ಆನೆಯ ಸ್ನಾನವನ್ನು ಕಳುಹಿಸಿದ್ದೆಯಲ್ಲ" ಎಂದಳು.

ಕಳುಹಿಸಿದ್ದು ನನಗೆ ಮರೆತೇ ಹೋಗಿತ್ತು. ನೋಡಿದೆನು, ಹೌದು. ಬಂಧುಗಳೆಲ್ಲರಿಗೂ ಒಟ್ಟಾಗಿ ಹಂಚಿದ್ದೆನು, ಅವಳಿಗೂ ಹೋಗಿತ್ತು. ಒಂದು ಮಾತಿಗಾಗಿ ಎಚ್ಚರವಾಗಿದ್ದವಳಿಗೆ ಅಣ್ಣನು ಆನೆಯನ್ನು ಕಳುಹಿಸಿದ್ದನು. ಇಷ್ಟು ದಿನವೂ ಅವಳು ನನ್ನ ಸುಳ್ಳನ್ನು ಬಲ್ಲವಳಾಗಿದ್ದು ಸುಮ್ಮನಿದ್ದಳು. ನನಗೆ ತಲೆಯೆತ್ತುವುದು ಕಷ್ಟವಾಯಿತು. ಅವಳಾದರೆ, "ಹೂಂ, ನೋಡು, ಚೌಕ ಬಿತ್ತು" ಎಂದಳು. ಚೌಕ ಬಿದ್ದಿತ್ತೋ ಇಲ್ಲವೋ ನನಗೆ ಸರಿಯಾಗಿ ಕಾಣಲಿಲ್ಲ. ಆ ದಿನ ಅದನ್ನು ವಿಚಾರಿಸುವ ಧೈರ್ಯವೂ ಇರಲಿಲ್ಲ.

ಅಂದಿನಿಂದ ವಾರಕ್ಕೆ ಮೂರು ಸಂಜೆ ಈ ಆಟವು ನಡೆಯುತ್ತಿದೆ. ಹೊಳೆನರಸೀಪುರದಿಂದ ಅರಕಲಗೂಡಿಗೆ ಬಸ್ಸಿನಲ್ಲಿ ಹೋದರೆ ಅರ್ಧ ದಿನದ ಕೆಲಸ, ಮಂಡಿ ಒಪ್ಪುವುದಿಲ್ಲ. ನಾನು ಬಾಯ್ತುಂಬ ಬೈದ ಆ ಅಂಗೈಯಗಲದ ಯಂತ್ರವೇ ನಮ್ಮ ತಾಯಿಯ ಪಡಸಾಲೆಯನ್ನು ಎರಡೂ ಊರಿನಲ್ಲಿ ಹಾಸಿಕೊಟ್ಟಿದೆ. ಇದನ್ನು ಒಪ್ಪಿಕೊಳ್ಳದಿದ್ದರೆ ಕೃತಘ್ನತೆಯಾದೀತು. ಅವಳ ಮನೆಯ ಗಡಿಯಾರವು ಆರೂವರೆ ಹೊಡೆದ ಕೂಡಲೆ ತಂಗಿಯು, ಯಾರ ಕಾಯಿ ಎಲ್ಲಿಯೇ ಇರಲಿ, ಒದ್ದೆ ಬಟ್ಟೆಯಿಂದ ಗೆರೆಯನ್ನು ಒರೆಸುತ್ತಾಳೆ. ಇಲ್ಲಿ ನಾನೂ ಒರೆಸುತ್ತೇನೆ. ಅವಳು ದೀಪ ಹಚ್ಚುವುದು ಫೋನಿನಲ್ಲಿ ಕಾಣುತ್ತದೆ; ಆಮೇಲೆ ಫೋನು ಗೂಡಿಗೆ ಹೋಗುತ್ತದೆ. ರಾತ್ರಿ ಅದು ನನ್ನನ್ನು ಕರೆಯುವುದಿಲ್ಲವೆಂದು ಹೇಳಲಾರೆ. ಕೆಲವು ದಿನ ಕರೆಯುತ್ತದೆ. ಒಂದೆರಡು ದಿನ ಹೋಗಿಯೂ ಇದ್ದೇನೆ. ಸರಿಯುವುದು, ಮತ್ತೆ ಸ್ಥಾನಕ್ಕೆ ಬರುವುದು; ಹಾಸನದವರ ಉಪಗ್ರಹದ ಪಾಡೇ ನನ್ನದೂ ಆಗಿದೆ.

ಮೊಮ್ಮಗನು ರಜ ಮುಗಿಸಿ ಬೆಂಗಳೂರಿಗೆ ಹೊರಟಾಗ, "ನಮ್ಮ ವ್ಯಾಜ್ಯ ಏನಾಯಿತು, ತಾತ?" ಎಂದು ಕೇಳಿದನು. "ವಾಯಿದೆ ಬಿದ್ದಿದೆ, ಮರಿ. ಮುಂದಿನ ರಜಕ್ಕೆ ಬಾ" ಎಂದೆನು. ತೀರ್ಪು ಅವನ ಪರವಾಗಿಯೇ ಆಗುವುದೆಂಬ ಭಯ ನನಗಿದೆ.

ಬರೆಯಬೇಕೆಂದಿದ್ದುದು ಇನ್ನೂ ಸ್ವಲ್ಪ ಇತ್ತು. ಆದರೆ ಐದು ಗಂಟೆಯಾಯಿತು. ಅರಕಲಗೂಡಿನಲ್ಲಿ ಗೆರೆ ಬರೆದುಕೊಂಡು ಕಾಯುತ್ತಿರುತ್ತಾಳೆ. ಉಳಿದದ್ದು ನಾಳೆಗಿರಲಿ.